ಟ್ರೈನರಾ, ಬಿಹೇವಿಯರಿಸ್ಟಾ, ವೆಟ್ಟಾ? ತೊಂದರೆಯಲ್ಲಿರುವ ನಾಯಿಗೆ ಸರಿಯಾದವರನ್ನು ಹುಡುಕುವುದು

ನಾಯಿ ನೆಂಟರನ್ನು ಕಚ್ಚಲು ಹೋಯಿತು. ಬೊಗಳಿ ಬೊಗಳಿ ಅಕ್ಕಪಕ್ಕದವರ ಜೊತೆ ಜಗಳ ತಂದಿಟ್ಟಿತು. ಒಂಟಿಯಾಗಿ ಬಿಟ್ಟರೆ ಬಾಗಿಲನ್ನೇ ಕೆರೆದು ಹಾಕಿತು. ಇಂಥ ಹೊತ್ತಿನಲ್ಲಿ ಎಲ್ಲರೂ ಫೋನ್ ತೆಗೆದು ಡಾಗ್ ಟ್ರೈನರ್ ಅಂತ ಹುಡುಕುತ್ತಾರೆ, ಹತ್ತಾರು ಹೆಸರು ಬರುತ್ತವೆ, ಒಬ್ಬರು ಟ್ರೈನರ್, ಇನ್ನೊಬ್ಬರು ಬಿಹೇವಿಯರಿಸ್ಟ್, ಮತ್ತೊಬ್ಬರು ಕೇನೈನ್ ಸೈಕಾಲಜಿಸ್ಟ್, ಕೆಲವರು ಮೂರೂ ತಾವೇ ಅನ್ನುತ್ತಾರೆ. ಯಾರು ಏನು ಅಂತ ಗೊತ್ತಾಗುವುದೇ ಇಲ್ಲ.

ಗೊತ್ತಾಗದಿರಲು ಕಾರಣವೂ ಇದೆ. ಹೆಚ್ಚಿನ ದೇಶಗಳಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಬೇಕಿಲ್ಲ. ನಾಳೆ ಬೆಳಗ್ಗೆ ನೀವು ಒಂದು ಬೋರ್ಡ್ ಬರೆಸಿ ಬಿಹೇವಿಯರಿಸ್ಟ್ ಆಗಬಹುದು, ಯಾರೂ ಕೇಳುವುದಿಲ್ಲ. ಹಾಗಾಗಿ ಬೋರ್ಡನ್ನು ಸ್ವಲ್ಪ ಬದಿಗಿಟ್ಟು ಎರಡು ವಿಷಯ ನೋಡಿ ಆಯ್ಕೆ ಮಾಡಿ. ಒಂದು, ನಾಯಿಯ ತೊಂದರೆ ಯಾವ ಬಗೆಯದು. ಎರಡು, ನಾಯಿ ತಪ್ಪು ಮಾಡಿದಾಗ ಈ ವ್ಯಕ್ತಿ ಅದಕ್ಕೆ ಏನು ಮಾಡುತ್ತಾರೆ. ಉಳಿದದ್ದೆಲ್ಲ ಆಮೇಲೆ.

ಮೊದಲು ತೊಂದರೆ ಯಾವುದು ಅಂತ ನೋಡಿ

ಖುಷಿಗೆ ಮೈಮೇಲೆ ಹಾರುವ ನಾಯಿ, ಲೀಶ್ ಎಳೆಯುವ ನಾಯಿ, ಕರೆದರೆ ಬಾರದ ನಾಯಿ, ಚಪ್ಪಲಿ ಕಚ್ಚುವ ಮರಿ. ಇವಕ್ಕೆ ಮನಸ್ಸಿನ ತೊಂದರೆ ಏನೂ ಇಲ್ಲ. ಯಾರೂ ಸರಿಯಾಗಿ ಕಲಿಸಿಲ್ಲ, ಅಷ್ಟೇ. ಒಳ್ಳೆಯ ಟ್ರೈನರ್ ಸಾಕು.

ಬೇರೆ ನಾಯಿ ಕಂಡರೆ ಹುಚ್ಚೆದ್ದು ಬೊಗಳುವುದು, ಅಪರಿಚಿತರು ಕೈಚಾಚಿದರೆ ಹಲ್ಲು ತೋರಿಸುವುದು, ಗುಡುಗಿಗೆ ಮಂಚದಡಿ ಸೇರಿ ನಡುಗುವುದು, ಒಂಟಿಯಾದರೆ ಊಳಿಡುವುದು, ಊಟದ ಬಟ್ಟಲ ಹತ್ತಿರ ಹೋದರೆ ಗುರ್ ಅನ್ನುವುದು. ಇವು ಬೇರೆಯೇ ಜಾತಿ. ಇಲ್ಲಿ ನಾಯಿಗೆ 'ಕುಳಿತುಕೋ' ಅನ್ನುವುದು ಚೆನ್ನಾಗಿಯೇ ಬರುತ್ತಿರಬಹುದು. ಆದರೂ ಹೆದರಿಕೆ ಹಾಗೇ ಇರುತ್ತದೆ. ಕುಳಿತುಕೊಂಡೇ ನಡುಗುತ್ತದೆ. ಇಂಥ ನಾಯಿಗೆ ಇನ್ನಷ್ಟು ಆಜ್ಞೆ ಕಲಿಸುವವರು ಬೇಡ, ಅದಕ್ಕೆ ಒಳಗೆ ಏನನಿಸುತ್ತಿದೆಯೋ ಅದನ್ನು ಬದಲಾಯಿಸಬಲ್ಲವರು ಬೇಕು.

ಮೂರನೆಯದು ಮೈಯೊಳಗಿನದ್ದು. ನೋವು, ತುರಿಕೆ, ಹೊಟ್ಟೆಯ ತೊಂದರೆ, ಥೈರಾಯ್ಡ್, ಮುದಿ ನಾಯಿಯ ಮರೆವು, ಕಣ್ಣು ಕಿವಿ ಮಂದವಾಗುವುದು. ಹೊರಗಿನಿಂದ ನೋಡಿದರೆ ಇವೂ 'ಕೆಟ್ಟ ಬುದ್ಧಿ'ಯ ಹಾಗೇ ಕಾಣುತ್ತವೆ.

ಇವು ಬಿಡಿಬಿಡಿಯಾಗಿ ಬರುವುದಿಲ್ಲ ಅನ್ನುವುದೇ ಕಷ್ಟ. ಸೊಂಟ ನೋಯುವ ನಾಯಿ ಬೇರೆ ನಾಯಿಗಳಿಗೆ ಹೆದರುತ್ತದೆ, ಯಾಕಂದರೆ ಒಮ್ಮೆ ಯಾವುದೋ ಮರಿ ಓಡಿ ಬಂದು ಡಿಕ್ಕಿ ಹೊಡೆದಾಗ ನೋವಾಗಿತ್ತು. ಅದಕ್ಕೇ ಮುಂದಿನ ಮಾತು.

ಎಲ್ಲಕ್ಕಿಂತ ಮೊದಲು ನಿಮ್ಮ ಮಾಮೂಲಿ ವೆಟ್ (ಪಶುವೈದ್ಯರು)

ಇದನ್ನು ಬಿಟ್ಟು ಮುಂದೆ ಹೋಗಬೇಡಿ. 2020ರಲ್ಲಿ ಪ್ರಾಣಿಗಳ ವರ್ತನೆಯ ತಜ್ಞ ಡೇನಿಯಲ್ ಮಿಲ್ಸ್ ಮತ್ತು ಜೊತೆಗಾರರು ತಮ್ಮ ಹತ್ತಿರ ಬಂದ ನಾಯಿಗಳ ಬಗ್ಗೆ ಬರೆದಿದ್ದಾರೆ. ವರ್ತನೆಯ ತೊಂದರೆ ಅಂತ ಬಂದ ನಾಯಿಗಳಲ್ಲಿ ಕಡಿಮೆ ಅಂದರೂ ಮೂರರಲ್ಲಿ ಒಂದಕ್ಕೆ ಯಾವುದೋ ನೋವಿನ ಕಾಯಿಲೆ ಇತ್ತಂತೆ. ಕೆಲವು ತಜ್ಞರ ಕೇಸುಗಳಲ್ಲಿ ಅದು ಶೇ. 80ರ ಹತ್ತಿರ. ಅಂದರೆ ಸುಮ್ನೆ ತಿಂಗಳುಗಟ್ಟಲೆ ತರಬೇತಿ ಕೊಡಿಸುತ್ತಾ ಕೂತವರ ನಾಯಿಗೆ ಅಸಲಿಗೆ ಬೇಕಿದ್ದದ್ದು ನೋವಿನ ಔಷಧಿ ಆಗಿರಬಹುದು.

ನಿನ್ನೆ ತನಕ ಚೆನ್ನಾಗಿದ್ದ ನಾಯಿ ಇದ್ದಕ್ಕಿದ್ದಂತೆ ಬದಲಾದರೆ, ಮುಟ್ಟಿದರೆ ಅಥವಾ ಎತ್ತಿಕೊಂಡರೆ ಗುರ್ ಅಂದರೆ, ಮಲಗಿದ್ದಾಗ ಎಬ್ಬಿಸಿದರೆ ಸಿಟ್ಟಾದರೆ, ಸೋಫಾ ಹತ್ತಲು ಹಿಂದೇಟು ಹಾಕಿದರೆ, ಮುದಿ ವಯಸ್ಸಿನಲ್ಲಿ ಹೊಸದಾಗಿ ಹೆದರಿಕೆ ಶುರುವಾದರೆ, ಟ್ರೈನರ್ ಹೆಸರು ಹುಡುಕುವ ಮೊದಲು ವೆಟ್ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಹೋಗುವಾಗ ವಿಡಿಯೊ ಮಾಡಿಕೊಂಡು ಹೋಗಿ. ನಡೆಯುವುದು, ಮೆಟ್ಟಿಲು ಹತ್ತುವುದು, ಎದ್ದೇಳುವುದು. ಕ್ಲಿನಿಕ್ಕಿನಲ್ಲಿ ಹೆದರಿಕೆಗೆ ನಾಯಿ ಕುಂಟುವುದನ್ನೂ ಮರೆತುಬಿಡುತ್ತದೆ, ಮನೆಯ ವಿಡಿಯೊದಲ್ಲಿ ಮಾತ್ರ ನಿಜ ಕಾಣುತ್ತದೆ.

ಆದರೆ ಒಂದು ಮಾತು. ಮಾಮೂಲಿ ವೆಟ್ ಎಂದರೆ ಮೈಯ ಡಾಕ್ಟರ್. ವರ್ತನೆಯ ಬಗ್ಗೆ ಅವರಿಗೆ ಕಾಲೇಜಿನಲ್ಲಿ ಕಲಿಸಿದ್ದು ಬಹಳ ಕಡಿಮೆ ಇರಬಹುದು. 'ನೀವು ಸ್ವಲ್ಪ ಜೋರು ಮಾಡಬೇಕು, ಅದಕ್ಕೆ ನಾಯಕ ಯಾರು ಅಂತ ತೋರಿಸಿ' ಅಂತ ವೆಟ್ ಹೇಳಿದರೂ ನಾನಾದರೆ ನಯವಾಗಿ ತಲೆಯಾಡಿಸಿ ಬಂದು, ಆ ಭಾಗವನ್ನು ಮಾತ್ರ ಬಿಟ್ಟುಬಿಡುತ್ತೇನೆ. ಪರೀಕ್ಷೆಗಳು, ರಕ್ತದ ರಿಪೋರ್ಟ್, ಎಕ್ಸ್‌ರೇ ಇವಕ್ಕೆ ಅವರೇ ಬೇಕು.

ಟ್ರೈನರ್ ಮತ್ತು ಬಿಹೇವಿಯರ್ ಕನ್ಸಲ್ಟೆಂಟ್

ಟ್ರೈನರ್ ಕೆಲಸ ಕಲಿಸುವುದು. ಬಿಹೇವಿಯರ್ ಕನ್ಸಲ್ಟೆಂಟ್ ಕೆಲಸ ಹೆದರಿಕೆ, ಸಿಟ್ಟು, ಆತಂಕ ಇವುಗಳ ಮೂಲ ಹುಡುಕಿ ಬದಲಾಯಿಸುವುದು. ಇಬ್ಬರ ನಡುವೆ ಗೋಡೆ ಇಲ್ಲ, ಚೆನ್ನಾಗಿ ಓದಿಕೊಂಡ ಟ್ರೈನರ್‌ಗಳು ಎರಡನ್ನೂ ಮಾಡುತ್ತಾರೆ. ವ್ಯತ್ಯಾಸ ಗೊತ್ತಾಗುವುದು ಮೊದಲ ಫೋನ್ ಮಾತಿನಲ್ಲಿ. ಕನ್ಸಲ್ಟೆಂಟ್ ಆದವರು ನಿಮ್ಮ ತಲೆ ತಿನ್ನುವಷ್ಟು ಪ್ರಶ್ನೆ ಕೇಳುತ್ತಾರೆ. ಎಷ್ಟು ಹೊತ್ತು ಮಲಗುತ್ತದೆ, ಏನು ತಿನ್ನುತ್ತದೆ, ಕೊನೆಯ ಸಲ ಕಚ್ಚಲು ಹೋದಾಗ ಯಾರು ಎಲ್ಲಿ ನಿಂತಿದ್ದರು, ಅದಕ್ಕೆ ಮುಂಚೆ ಆ ದಿನ ಏನೇನಾಗಿತ್ತು. ಈ ಕೊನೆಯ ಪ್ರಶ್ನೆ ಕೇಳಿದರೆ ನನಗೆ ಖುಷಿಯಾಗುತ್ತದೆ, ಯಾಕಂದರೆ ನಾಯಿಯ ಸಹನೆ ದಿನವಿಡೀ ಸ್ವಲ್ಪ ಸ್ವಲ್ಪವೇ ಕರಗುತ್ತಾ ಬರುತ್ತದೆ: ಬೆಳಗ್ಗೆ ಕ್ಲಿನಿಕ್, ಮಧ್ಯಾಹ್ನ ಪಟಾಕಿ, ಸಂಜೆ ನೆಂಟರು, ರಾತ್ರಿ ಮಗು ಬಾಲ ಹಿಡಿದಾಗ ಕಚ್ಚಿತು. ಕಚ್ಚಿದ್ದು ಮಗು ಬಾಲ ಹಿಡಿದದ್ದರಿಂದ ಮಾತ್ರ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಒಂದೂ ಪ್ರಶ್ನೆ ಕೇಳದೆ 'ಕರೆದುಕೊಂಡು ಬನ್ನಿ, ನೋಡಿಕೊಳ್ಳೋಣ' ಅನ್ನುವವರು ಲೀಶ್ ಎಳೆಯುವ ನಾಯಿಗೆ ಪರವಾಗಿಲ್ಲ. ಹೆದರಿದ ನಾಯಿಗೆ ಬೇಡ.

ಪ್ರಮಾಣಪತ್ರಗಳ ಬಗ್ಗೆ. ಸಿಪಿಡಿಟಿ-ಕೆಎ ಅಂದರೆ ಅಮೆರಿಕದ ಸಿಸಿಪಿಡಿಟಿ ಸಂಸ್ಥೆ ಪರೀಕ್ಷೆ ಮಾಡಿ ಕೊಡುವುದು, ಅದಕ್ಕೆ ಕೂರಲು ಕನಿಷ್ಠ 300 ಗಂಟೆ ತರಬೇತಿ ಕೊಟ್ಟ ಅನುಭವ ಬೇಕು. ಕೆಪಿಎ-ಸಿಟಿಪಿ ಅಂದರೆ ಕ್ಲಿಕ್ಕರ್ ತರಬೇತಿಗೆ (ಕ್ಲಿಕ್ ಸದ್ದು ಮಾಡಿ ತಿಂಡಿ ಕೊಟ್ಟು ಕಲಿಸುವುದು) ಹೆಸರಾದ ಕ್ಯಾರೆನ್ ಪ್ರಯರ್ ಅಕಾಡೆಮಿಯ ಕೋರ್ಸ್ ಮುಗಿಸಿದವರು. ಐಎಎಬಿಸಿ ಅನ್ನುವುದು ಬಿಹೇವಿಯರ್ ಕನ್ಸಲ್ಟೆಂಟ್‌ಗಳ ಅಂತರರಾಷ್ಟ್ರೀಯ ಸಂಘ. ಬ್ರಿಟನ್ನಿನಲ್ಲಿ ಎಬಿಟಿಸಿ ಅಂತ ಒಂದು ಮಂಡಳಿ ಅರ್ಹತೆ ನೋಡಿ ಪಟ್ಟಿ ಇಡುತ್ತದೆ. 2012ರಲ್ಲಿ ಶುರುವಾದ ಪೆಟ್ ಪ್ರೊಫೆಷನಲ್ ಗಿಲ್ಡ್ ಸದಸ್ಯರು ನೋವು, ಹೆದರಿಕೆ, ಬಲವಂತ ಬಳಸುವುದಿಲ್ಲ ಅಂತ ಒಪ್ಪಿಕೊಂಡೇ ಸೇರುತ್ತಾರೆ. ಈ ಎಲ್ಲ ಸಂಸ್ಥೆಗಳ ಸೈಟ್‌ಗಳಲ್ಲಿ ಸದಸ್ಯರ ಪಟ್ಟಿ ಇರುತ್ತದೆ, ಅಲ್ಲಿ ಹೆಸರು ಇದೆಯಾ ಅಂತ ನೀವೇ ನೋಡಬಹುದು. ಕಾರ್ಡಿನಲ್ಲಿ ಅಕ್ಷರಗಳನ್ನು ಅಚ್ಚು ಹಾಕಿಸುವುದು ಸುಲಭ, ಪಟ್ಟಿಯಲ್ಲಿ ಹೆಸರು ಬರುವುದು ಅಷ್ಟು ಸುಲಭವಲ್ಲ.

ಪತ್ರ ಇಲ್ಲದ ಒಳ್ಳೆಯವರೂ ಇದ್ದಾರೆ, ಪತ್ರ ಇದ್ದೂ ಕುತ್ತಿಗೆಗೆ ಚೈನ್ ಹಾಕಿ ಜಗ್ಗುವವರೂ ಇದ್ದಾರೆ. ಹಾಗಾಗಿ ಪತ್ರ ನೋಡಿದ ಮೇಲೂ ವಿಧಾನ ಕೇಳಲೇಬೇಕು.

ವೆಟರ್ನರಿ ಬಿಹೇವಿಯರಿಸ್ಟ್: ಎಲ್ಲರಿಗೂ ಬೇಡ, ಕೆಲವರಿಗೆ ಇವರೇ ಬೇಕು

ಇವರು ವೆಟ್ ಆದ ಮೇಲೆ ವರ್ತನೆಯನ್ನೇ ಮತ್ತೆ ವರ್ಷಗಟ್ಟಲೆ ಓದಿ, ಪರೀಕ್ಷೆ ಬರೆದು ತಜ್ಞರಾದವರು. ಅಮೆರಿಕದಲ್ಲಿ ಇಂಥ ತಜ್ಞರನ್ನು ಪರೀಕ್ಷಿಸಿ ಪತ್ರ ಕೊಡುವ ಮಂಡಳಿ ಎಸಿವಿಬಿ 1993ರಲ್ಲಿ ಮಾನ್ಯತೆ ಪಡೆಯಿತು. ಪ್ರಪಂಚದಲ್ಲಿ ಎಲ್ಲೇ ಆಗಲಿ ಇವರ ಸಂಖ್ಯೆ ಕಡಿಮೆ, ಕಾಯಬೇಕಾಗುತ್ತದೆ, ಫೀಸೂ ಜಾಸ್ತಿ. ಇವರ ಅನುಕೂಲ ಅಂದರೆ ಮೈ ಮತ್ತು ಮನಸ್ಸು ಎರಡನ್ನೂ ಒಟ್ಟಿಗೆ ನೋಡಿ ಔಷಧಿ ಬರೆಯಬಲ್ಲರು. ದೂರದಲ್ಲಿದ್ದರೆ ನಿಮ್ಮ ವೆಟ್ ಇವರ ಜೊತೆ ಮಾತಾಡಿ ಔಷಧಿ ಕೊಡುವ ವ್ಯವಸ್ಥೆಯೂ ಕೆಲವು ಕಡೆ ಇದೆ, ಕೇಳಿ ನೋಡಿ.

ಔಷಧಿ ಅಂದ ತಕ್ಷಣ 'ನಾಯಿಯನ್ನು ಮಂಕು ಮಾಡಿಬಿಡುತ್ತಾರೆ' ಅಂತ ಜನ ಬೆಚ್ಚುತ್ತಾರೆ. ಒಂಟಿಯಾದಾಗಿನ ಆತಂಕಕ್ಕೆ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ 1998ರಲ್ಲಿ ಕ್ಲೊಮಿಪ್ರಮಿನ್, 2007ರಲ್ಲಿ ಫ್ಲೂಆಕ್ಸೆಟಿನ್ ನಾಯಿಗಳಿಗೆ ಕೊಡಬಹುದು ಅಂತ ಒಪ್ಪಿಗೆ ಕೊಟ್ಟಿದೆ. ಇವು ಮಲಗಿಸುವ ಮಾತ್ರೆಗಳಲ್ಲ. ಗುಣ ಕಾಣಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಮತ್ತು ಜೊತೆಗೆ ತರಬೇತಿ ನಡೆಯಲೇಬೇಕು. ಹೆದರಿಕೆ ಒಂದು ಮಟ್ಟ ಮೀರಿದ ನಾಯಿಗೆ ಏನು ಹೇಳಿಕೊಟ್ಟರೂ ತಲೆಗೆ ಹೋಗುವುದಿಲ್ಲ, ಟ್ರೀಟ್ ಮೂಗಿನ ಮುಂದೆ ಹಿಡಿದರೂ ನೋಡುವುದಿಲ್ಲ. ಔಷಧಿ ಆ ಮಟ್ಟವನ್ನು ಇಳಿಸಿ ಕಲಿಯಲು ಜಾಗ ಮಾಡಿಕೊಡುತ್ತದೆ. ಮನುಷ್ಯರ ಮಾತ್ರೆಯನ್ನು ಮನೆಯ ಡಬ್ಬಿಯಿಂದ ತೆಗೆದು ಕೊಡುವ ಸಾಹಸ ಮಾತ್ರ ಬೇಡವೇ ಬೇಡ.

ಯಾರಿಗೆ ಇವರೇ ಬೇಕು? ಆಳವಾದ ಗಾಯವಾಗುವ ಹಾಗೆ ಕಚ್ಚಿದ ನಾಯಿ, ಮನೆಯವರ ಮೇಲೇ ತಿರುಗಿ ಬೀಳುವ ನಾಯಿ, ಒಂಟಿಯಾದಾಗ ತನ್ನ ಹಲ್ಲು ಉಗುರು ಮುರಿದುಕೊಳ್ಳುವಷ್ಟು ಗಾಬರಿಯಾಗುವ ನಾಯಿ, ಬಾಲದ ಹಿಂದೆ ಗಂಟೆಗಟ್ಟಲೆ ಸುತ್ತುವ ಅಥವಾ ಕಾಲು ನೆಕ್ಕಿ ನೆಕ್ಕಿ ಗಾಯ ಮಾಡಿಕೊಳ್ಳುವ ನಾಯಿ, ಒಳ್ಳೆಯ ಕನ್ಸಲ್ಟೆಂಟ್ ಜೊತೆ ಕೆಲಸ ಮಾಡಿಯೂ ಒಂದಿಷ್ಟೂ ಬದಲಾಗದ ನಾಯಿ.

ಹೊಡೆಯದೆ, ಹೆದರಿಸದೆ ಕಲಿಸುವವರು ಅಂತ ಗುರುತಿಸುವುದು ಹೇಗೆ

ಈಗ ಎಲ್ಲರೂ ಪಾಸಿಟಿವ್ ಟ್ರೈನರ್‌ಗಳೇ. ಯಾರೂ 'ನಾನು ನಾಯಿಗೆ ನೋವು ಮಾಡುತ್ತೇನೆ' ಅಂತ ಜಾಹೀರಾತು ಹಾಕುವುದಿಲ್ಲ ಅಲ್ವಾ? 'ಬ್ಯಾಲೆನ್ಸ್ಡ್' ಅನ್ನುತ್ತಾರೆ. ಟ್ರೀಟೂ ಕೊಡುತ್ತೇವೆ, ಬೇಕಾದಾಗ 'ತಿದ್ದುತ್ತೇವೆ' ಅಂತ ಅರ್ಥ. ಶಾಕ್ ಕಾಲರ್‌ಗೆ ಇ-ಕಾಲರ್, ರಿಮೋಟ್ ಕಾಲರ್, ಶಾಕ್‌ಗೆ 'ಸ್ಟಿಮ್' ಅಥವಾ 'ಟ್ಯಾಪ್' ಅಂತ ಹೆಸರಿಡುತ್ತಾರೆ. ಹೆಸರು ಬದಲಾದರೂ ಕರೆಂಟ್ ಕರೆಂಟೇ. ವೇಲ್ಸ್ 2010ರಲ್ಲೇ ಇದನ್ನು ನಿಷೇಧಿಸಿದೆ.

ಪ್ಯಾಕ್ ಲೀಡರ್, ಆಲ್ಫಾ (ನಾಯಿಗೆ ನೀವೇ ಗುಂಪಿನ ಯಜಮಾನ ಆಗಬೇಕು) ಅನ್ನುವ ಮಾತು ಬಂದರೆ ಕಿವಿ ನೆಟ್ಟಗಾಗಲಿ. ಆ ಕಲ್ಪನೆ ಬಂದದ್ದು 1940ರ ದಶಕದಲ್ಲಿ ಮೃಗಾಲಯದಲ್ಲಿ ಒಟ್ಟಿಗೆ ಕೂಡಿಹಾಕಿದ್ದ ತೋಳಗಳನ್ನು ನೋಡಿ ಸಂಶೋಧಕ ರುಡಾಲ್ಫ್ ಶೆಂಕೆಲ್ ಬರೆದದ್ದರಿಂದ. ಅದನ್ನು ಜನಪ್ರಿಯ ಮಾಡಿದ ತೋಳಗಳ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳಗಳ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಆಲ್ಫಾ ಅನ್ನುವ ಮಾತು ಅದಕ್ಕೆ ಹೊಂದುವುದಿಲ್ಲ ಅಂತ ಬರೆದರು. ನಾಯಿ ಸೋಫಾದ ಮೇಲೆ ಮಲಗುವುದು ನಿಮ್ಮ ಸಿಂಹಾಸನ ಕಿತ್ತುಕೊಳ್ಳಲು ಅಲ್ಲ, ಸೋಫಾ ಮೆತ್ತಗಿದೆ ಅಂತ.

ಹೊಡೆದರೆ ಏನಾಗುತ್ತದೆ? ಅಮೆರಿಕದ ಮೆಘನ್ ಹೆರನ್ ಮತ್ತು ಜೊತೆಗಾರರು ಬಿಹೇವಿಯರ್ ಕ್ಲಿನಿಕ್ಕಿಗೆ ಬಂದ ಮಾಲೀಕರನ್ನು ಕೇಳಿ 2009ರಲ್ಲಿ ಪ್ರಕಟಿಸಿದ ಲೆಕ್ಕ ಇದೆ. ನಾಯಿಗೆ ಹೊಡೆದ ಅಥವಾ ಒದ್ದವರಲ್ಲಿ ಶೇ. 43 ಜನ, ಅಂಗಾತ ಕೆಡವಿ ಒತ್ತಿ ಹಿಡಿದವರಲ್ಲಿ ಶೇ. 31 ಜನ, ನಾಯಿ ತಿರುಗಿ ಸಿಟ್ಟು ತೋರಿಸಿತು ಅಂದರು. ಇನ್ನೊಂದು ಅಧ್ಯಯನ ಪೋರ್ಚುಗಲ್‌ನದ್ದು, 2020ರದ್ದು. 92 ನಾಯಿಗಳನ್ನು ಬೇರೆ ಬೇರೆ ತರಬೇತಿ ಶಾಲೆಗಳಲ್ಲಿ ನೋಡಿದಾಗ, ಶಿಕ್ಷೆ ಜಾಸ್ತಿ ಬಳಸುವ ಶಾಲೆಯ ನಾಯಿಗಳು ಪಾಠದ ಹೊತ್ತಿನಲ್ಲಿ ತುಟಿ ನೆಕ್ಕುವುದು, ಆಕಳಿಸುವುದು, ಏದುಸಿರು ಬಿಡುವುದು ಜಾಸ್ತಿ. ಪಾಠ ಮುಗಿದ ಮೇಲೆ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಕೂಡ ಜಾಸ್ತಿ ಇತ್ತು. ಅಮೆರಿಕದ ಪಶುವೈದ್ಯ ವರ್ತನಾ ತಜ್ಞರ ಸಂಘ ಎವಿಎಸ್‌ಎಬಿ 2021ರಲ್ಲಿ ಇನ್ನೂ ನೇರವಾಗಿ ಹೇಳಿತು: ಕಚ್ಚುವ ನಾಯಿಯನ್ನೂ ಸೇರಿಸಿ ಎಲ್ಲ ನಾಯಿಗಳಿಗೂ ಬಹುಮಾನ ಕೊಟ್ಟು ಕಲಿಸುವ ವಿಧಾನವೇ ಸಾಕು.

ನನಗೆ ಎಲ್ಲಕ್ಕಿಂತ ಹೆದರಿಕೆಯಾಗುವುದು ಗುರ್ ಅನ್ನುವುದಕ್ಕೇ ಶಿಕ್ಷೆ ಕೊಡುವವರನ್ನು ಕಂಡರೆ. ಗುರ್ ಅಂದರೆ ನಾಯಿ ಮರ್ಯಾದೆಯಿಂದ 'ದೂರ ಹೋಗು' ಅನ್ನುತ್ತಿದೆ. ಅದಕ್ಕೆ ಶಾಕ್ ಕೊಟ್ಟರೆ ನಾಯಿ ಗುರ್ ಅನ್ನುವುದನ್ನು ಬಿಡುತ್ತದೆ, ಹೆದರಿಕೆಯನ್ನು ಬಿಡುವುದಿಲ್ಲ. ಮುಂದಿನ ಸಲ ಹೇಳದೆ ಕೇಳದೆ ಕಚ್ಚುತ್ತದೆ.

ಹಾಗಾದರೆ ಕೇಳಬೇಕಾದ್ದು ಏನು? ನಾಯಿ ಸರಿ ಮಾಡಿದಾಗ ಏನು ಮಾಡುತ್ತೀರಿ? ತಪ್ಪು ಮಾಡಿದಾಗ ಏನು ಮಾಡುತ್ತೀರಿ? ನೀವು ಹೇಳಿದ್ದು ಕೆಲಸ ಮಾಡದಿದ್ದರೆ ಮುಂದೇನು? ಮೂರನೆಯದಕ್ಕೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. 'ದೂರ ಜಾಸ್ತಿ ಮಾಡುತ್ತೇವೆ, ಪಾಠವನ್ನು ಇನ್ನೂ ಸುಲಭ ಮಾಡುತ್ತೇವೆ, ವೆಟ್ ಜೊತೆ ಮಾತಾಡುತ್ತೇವೆ' ಅಂದರೆ ಸರಿ. 'ಕೆಲವು ನಾಯಿಗಳಿಗೆ ಸ್ವಲ್ಪ ಬಿಗಿ ಬೇಕಾಗುತ್ತದೆ' ಅಂದರೆ ಥ್ಯಾಂಕ್ಸ್ ಹೇಳಿ ಫೋನ್ ಇಡಿ. ಗ್ಯಾರಂಟಿ ಕೊಡುವವರನ್ನೂ ನಂಬಬೇಡಿ. ಜೀವ ಇರುವ ಪ್ರಾಣಿಯ ಮನಸ್ಸಿಗೆ ಯಾರು ಗ್ಯಾರಂಟಿ ಕೊಡಲು ಸಾಧ್ಯ?

ಒಂದು ಸೆಷನ್ ನೋಡಲು ಬಿಡಿ ಅಂತ ಕೇಳಿ. ಏನು ನೋಡಬೇಕು ಅಂದರೆ, ಬೇರೆ ನಾಯಿ ಕಂಡರೆ ಬೊಗಳುವ ಒಂದು ನಾಯಿಯ ಪಾಠ ತೆಗೆದುಕೊಳ್ಳಿ. ದೂರದ ತಿರುವಿನಲ್ಲಿ ಇನ್ನೊಂದು ನಾಯಿ ಬಂತು. ನಮ್ಮ ನಾಯಿಯ ಬಾಯಿ ಮುಚ್ಚಿತು, ಕಿವಿ ಮುಂದಾಯಿತು, ಬಾಲ ನಿಂತಿತು. ಇನ್ನೂ ಬೊಗಳಿಲ್ಲ. ಒಳ್ಳೆಯವರು ಈ ಕ್ಷಣಕ್ಕೇ ಕಾಯುತ್ತಿರುತ್ತಾರೆ. ನಾಯಿ ನೋಡಿತು, ತಕ್ಷಣ ಒಂದು ಚೂರು ಕೋಳಿ. ಮತ್ತೆ ನೋಡಿತು, ಮತ್ತೆ ಕೋಳಿ. ಆ ನಾಯಿ ಮರೆಯಾಯಿತು, ಕೋಳಿಯೂ ನಿಂತಿತು. ಈ ಕ್ರಮ ಮುಖ್ಯ: ಮೊದಲು ನಾಯಿ ಕಾಣಬೇಕು, ಆಮೇಲೆ ತಿಂಡಿ. ತಿಂಡಿ ಚೀಲಕ್ಕೆ ಮೊದಲೇ ಕೈ ಹಾಕಿದರೆ ಚೀಲದ ಸದ್ದೇ 'ಎಲ್ಲೋ ನಾಯಿ ಬಂತು' ಅನ್ನುವ ಎಚ್ಚರಿಕೆ ಆಗಿಬಿಡುತ್ತದೆ. ಸರಿಯಾಗಿ ನಡೆದರೆ ಕೆಲವು ವಾರಗಳಲ್ಲಿ ಬೇರೆ ನಾಯಿ ಕಂಡಾಗ ನಮ್ಮದು ಕತ್ತು ತಿರುಗಿಸಿ ನಮ್ಮ ಮುಖ ನೋಡುತ್ತದೆ, 'ಎಲ್ಲಿ ನನ್ನ ಕೋಳಿ' ಅಂತ. ಆಗ ಇನ್ನೆರಡು ಹೆಜ್ಜೆ ಹತ್ತಿರ ಹೋಗಬಹುದು.

ಕೆಟ್ಟ ಪಾಠದಲ್ಲಿ ನಾಯಿಯನ್ನು ನೇರವಾಗಿ ಗುಂಪಿನ ನಡುವೆ ನಿಲ್ಲಿಸುತ್ತಾರೆ, ಬೊಗಳಿದಾಗ ಜಗ್ಗುತ್ತಾರೆ, ಕೊನೆಗೆ ನಾಯಿ ಸುಮ್ಮನಾದಾಗ 'ನೋಡಿ, ಸರಿಹೋಯಿತು' ಅನ್ನುತ್ತಾರೆ. ನೀರಿಗೆ ಹೆದರುವ ಮಗುವನ್ನು ಬಾವಿಗೆ ತಳ್ಳಿ ಈಜು ಕಲಿಸಿದ ಹಾಗೆ. ಅಂಥ ಹೊತ್ತಿನಲ್ಲಿ ನಾಯಿಯ ಮೈ ನೋಡಿ: ಬಾಲ ಹೊಟ್ಟೆಗೆ ಅಂಟಿದೆ, ಕಿವಿ ಹಿಂದಕ್ಕೆ ಮಲಗಿದೆ, ಕಣ್ಣಿನ ಬಿಳಿ ಕಾಣುತ್ತಿದೆ, ತಿಂಡಿ ಬೇಡ ಅನ್ನುತ್ತಿದೆ. ಅದು ಸಮಾಧಾನ ಆದದ್ದಲ್ಲ, ಸೋತು ಕೈಚೆಲ್ಲಿದ್ದು.

ಕ್ಲಾಸಾ, ಮನೆಗೆ ಬರುವವರಾ, ಬಿಟ್ಟು ಬರುವುದಾ, ಆನ್‌ಲೈನಾ

ಗುಂಪು ಕ್ಲಾಸ್ ಮರಿಗಳಿಗೆ ಬಹಳ ಒಳ್ಳೆಯದು. ಮೂರು ವಾರದಿಂದ ಹನ್ನೆರಡು ಹದಿನಾಲ್ಕು ವಾರದ ತನಕ ಮರಿ ಹೊಸದನ್ನೆಲ್ಲ ಸುಲಭವಾಗಿ ಒಪ್ಪಿಕೊಳ್ಳುವ ಕಾಲ. ಆದರೆ ಬೇರೆ ನಾಯಿಗಳಿಗೆ ಹೆದರುವ ದೊಡ್ಡ ನಾಯಿಯನ್ನು ಎಂಟು ನಾಯಿಗಳಿರುವ ಕೋಣೆಗೆ ಕರೆದುಕೊಂಡು ಹೋಗುವುದು ಚಿಕಿತ್ಸೆಯಲ್ಲ.

ಮನೆಗೆ ಬಂದು ಕಲಿಸುವವರು ಹೆಚ್ಚಿನ ತೊಂದರೆಗಳಿಗೆ ಸರಿ, ಯಾಕಂದರೆ ತೊಂದರೆ ನಡೆಯುವ ಜಾಗ ಅವರ ಕಣ್ಣಿಗೆ ಬೀಳುತ್ತದೆ. ಬಾಗಿಲ ಗಂಟೆ ಎಲ್ಲಿದೆ, ನಾಯಿ ಮಲಗುವ ಮೂಲೆ ದಾರಿಗೆ ಅಡ್ಡವಾ, ಮಗು ಎಲ್ಲಿ ಆಡುತ್ತದೆ. ಬಟ್ಟಲು ಕಾಯುವ ನಾಯಿಯ ವಿಷಯ ನೋಡಿ. ನೀವು ಹತ್ತಿರ ಬಂದಂತೆ ಅದು ಗಬಗಬ ತಿನ್ನಲು ಶುರುಮಾಡುತ್ತದೆ, ತಲೆ ಬಟ್ಟಲೊಳಗೇ ಇದ್ದು ಕಣ್ಣು ಮಾತ್ರ ಪಕ್ಕಕ್ಕೆ ತಿರುಗುತ್ತದೆ, ಆಮೇಲೆ ಒಂದು ಕ್ಷಣ ಕಲ್ಲಿನ ಹಾಗೆ ನಿಲ್ಲುತ್ತದೆ. ಆ ನಿಲ್ಲುವುದನ್ನು ಕನ್ಸಲ್ಟೆಂಟ್ ನಿಮಗೆ ತೋರಿಸಿಕೊಡಬೇಕು. ಅದಕ್ಕಿಂತ ನಾಲ್ಕು ಹೆಜ್ಜೆ ದೂರದಿಂದಲೇ ಬಟ್ಟಲಲ್ಲಿರುವುದಕ್ಕಿಂತ ರುಚಿಯಾದದ್ದನ್ನು ಎಸೆದು ಹೊರಟುಹೋಗುವುದನ್ನು ಕಲಿಸಬೇಕು. 'ಬಟ್ಟಲಿಗೆ ಕೈ ಹಾಕಿ ಅಭ್ಯಾಸ ಮಾಡಿಸಿ' ಅನ್ನುವವರು ಈ ತೊಂದರೆಯನ್ನು ಹುಟ್ಟುಹಾಕುವವರು.

ನಾಯಿಯನ್ನು ಕೆಲವು ವಾರ ಅವರಲ್ಲೇ ಬಿಟ್ಟು ಬರುವ ಬೋರ್ಡ್ ಅಂಡ್ ಟ್ರೈನ್ ಬಗ್ಗೆ ನನಗೆ ಅನುಮಾನ ಜಾಸ್ತಿ. ಬಿಡುವಿಲ್ಲದವರಿಗೆ ಆಸೆ ಹುಟ್ಟಿಸುತ್ತದೆ ಅನ್ನುವುದು ನಿಜ, ಆದರೆ ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಏನು ನಡೆಯುತ್ತದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಅಲ್ಲಿ ಕಲಿತದ್ದು ಅಲ್ಲಿನ ಜನಕ್ಕೆ, ಅಲ್ಲಿನ ಜಾಗಕ್ಕೆ ಅಂಟಿಕೊಂಡಿರುತ್ತದೆ, ಮನೆಗೆ ಬಂದ ಮೇಲೆ ಹಳೆಯ ನೆಲ, ಹಳೆಯ ಬಾಗಿಲು, ಹಳೆಯ ಹೆದರಿಕೆ. ಲೀಶ್ ನಡಿಗೆ ಕಲಿಸಲು, ಅದೂ ದಿನಾ ವಿಡಿಯೊ ಕಳಿಸುವ, ಯಾವಾಗ ಬೇಕಾದರೂ ಬಂದು ನೋಡಿ ಅನ್ನುವ ಜಾಗವಾದರೆ ಸರಿ. ಹೆದರುವ ಅಥವಾ ಕಚ್ಚುವ ನಾಯಿಯನ್ನು ನಾನಂತೂ ಬಿಡುವುದಿಲ್ಲ.

ಆನ್‌ಲೈನ್ ಅಂದರೆ ಕಡಿಮೆ ದರ್ಜೆ ಅಂದುಕೊಳ್ಳುವವರಿದ್ದಾರೆ. ಒಂಟಿತನದ ಆತಂಕಕ್ಕೆ ಆನ್‌ಲೈನೇ ಮೇಲು. ಟ್ರೈನರ್ ಮನೆಯಲ್ಲಿ ಕೂತಿದ್ದರೆ ನಾಯಿ ಒಂಟಿಯೇ ಅಲ್ಲವಲ್ಲ! ಕ್ಯಾಮೆರಾ ಇಟ್ಟು, ನೀವು ಬಾಗಿಲ ಹೊರಗೆ ಹೋಗಿ, ನಾಯಿ ಎಷ್ಟು ಸೆಕೆಂಡಿಗೆ ಬಾಗಿಲ ಹತ್ತಿರ ಬಂತು, ಎಷ್ಟಕ್ಕೆ ಏದುಸಿರು ಶುರುವಾಯಿತು ಅಂತ ಇಬ್ಬರೂ ನೋಡಿ, ಅದಕ್ಕಿಂತ ಮುಂಚೆಯೇ ವಾಪಸು ಬರುವುದು, ಹೀಗೆ ಸೆಕೆಂಡುಗಳಿಂದ ನಿಮಿಷಕ್ಕೆ, ನಿಮಿಷದಿಂದ ಗಂಟೆಗೆ ಹೋಗುವುದು. ಈ ಒಂದೇ ತೊಂದರೆಗೆ ತರಬೇತಿ ಪಡೆದ ಸಿಎಸ್‌ಎಟಿ ಪ್ರಮಾಣಪತ್ರದವರು ಇದ್ದಾರೆ, ಪ್ರಪಂಚದ ಯಾವ ಮೂಲೆಯಿಂದಲಾದರೂ ಕೆಲಸ ಮಾಡುತ್ತಾರೆ. ಅಪರಿಚಿತರು ಮನೆಗೆ ಬಂದರೆ ಕಚ್ಚುವ ನಾಯಿಗೂ ಮೊದಲ ಕೆಲವು ಭೇಟಿ ಆನ್‌ಲೈನ್ ಆದರೆ ಎಲ್ಲರ ಕೈಕಾಲೂ ಕ್ಷೇಮ.

ಕಚ್ಚಿಯೇ ಬಿಟ್ಟಿದ್ದರೆ

'ನಾಯಿ ಕಚ್ಚಿತು' ಅಂತಷ್ಟೇ ಹೇಳಿದರೆ ಸಾಲದು. ವೆಟ್ ಮತ್ತು ವರ್ತನಾ ತಜ್ಞ ಇಯಾನ್ ಡನ್‌ಬಾರ್ ಮಾಡಿದ ಆರು ಹಂತದ ಅಳತೆ ಇದೆ, ಬಲ್ಲವರೆಲ್ಲ ಅದರಲ್ಲೇ ಮಾತಾಡುತ್ತಾರೆ. ಒಂದನೇ ಹಂತ ಹಲ್ಲು ತಾಗದೆ ಗಾಳಿಯಲ್ಲಿ ಕಚ್ಚುವುದು. ಎರಡು, ತಾಗಿತು ಆದರೆ ತೂತಾಗಲಿಲ್ಲ. ಮೂರು, ಒಂದೇ ಕಚ್ಚಿಗೆ ಒಂದರಿಂದ ನಾಲ್ಕು ತೂತು, ಆಳ ಕೋರೆಹಲ್ಲಿನ ಅರ್ಧಕ್ಕಿಂತ ಕಡಿಮೆ. ನಾಲ್ಕು, ಅರ್ಧಕ್ಕಿಂತ ಆಳ, ಹಿಡಿದು ಅಲ್ಲಾಡಿಸಿದ ಗುರುತು. ಐದು, ಅಂಥವು ಹಲವು. ಆರು, ಪ್ರಾಣ ಹೋಗುವುದು.

ಒಂದು ಎರಡಕ್ಕೆ ಒಳ್ಳೆಯ ಕನ್ಸಲ್ಟೆಂಟ್ ಸಾಕು, ದಾರಿ ಸಾಕಷ್ಟು ಸುಲಭ. ಮೂರಕ್ಕೆ ಕಚ್ಚುವ ಕೇಸುಗಳಲ್ಲಿ ಅನುಭವ ಇದ್ದವರೇ ಬೇಕು, ವೆಟ್ ತಪಾಸಣೆ ಕಡ್ಡಾಯ. ನಾಲ್ಕು ಮತ್ತು ಅದಕ್ಕಿಂತ ಮೇಲೆ ವೆಟರ್ನರಿ ಬಿಹೇವಿಯರಿಸ್ಟ್ ಹತ್ತಿರ ಹೋಗಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ತಜ್ಞರ ಜೊತೆ ಎಲ್ಲ ದಾರಿಗಳ ಬಗ್ಗೆಯೂ ಬಾಯಿಬಿಟ್ಟು ಮಾತಾಡಿ. ಇಂಥ ನಾಯಿಯ ಬಗ್ಗೆ 'ನಾನು ಸರಿಮಾಡಿ ಕೊಡುತ್ತೇನೆ' ಅಂತ ಎದೆ ತಟ್ಟುವವರಿಗಿಂತ 'ಇದು ನನ್ನ ಮಟ್ಟದ್ದಲ್ಲ, ಇವರನ್ನು ನೋಡಿ' ಅಂತ ಬೇರೆಯವರ ನಂಬರ್ ಕೊಡುವವರನ್ನು ನಾನು ಹೆಚ್ಚು ನಂಬುತ್ತೇನೆ.

ಅಪಾಯಿಂಟ್‌ಮೆಂಟ್ ಸಿಗುವ ತನಕ ಏನು? ನಾಯಿ ಮತ್ತು ಅದನ್ನು ಕೆಣಕುವ ಸಂಗತಿ ಎದುರಾಗದ ಹಾಗೆ ನೋಡಿಕೊಳ್ಳಿ. ನೆಂಟರು ಬಂದಾಗ ನಾಯಿ ಮುಚ್ಚಿದ ಕೋಣೆಯಲ್ಲಿ, ಊಟ ಒಂಟಿಯಾಗಿ, ನಡಿಗೆ ಜನ ಇಲ್ಲದ ಹೊತ್ತಿನಲ್ಲಿ. ಬುಟ್ಟಿಯಂಥ ಮಝಲ್ (ಕಚ್ಚದಂತೆ ಮೂತಿಗೆ ಹಾಕುವ ಕವಚ) ತಂದು, ಒಳಗೆ ತಿಂಡಿ ಸವರಿ, ನಾಯಿ ತಾನಾಗಿಯೇ ಮೂತಿ ಹಾಕುವ ತನಕ ದಿನಾ ಸ್ವಲ್ಪ ಅಭ್ಯಾಸ ಮಾಡಿಸಿ, ಪಟ್ಟಿ ಬಿಗಿಯುವ ಆತುರ ಬೇಡ. ಬಾಯಿ ಬಿಚ್ಚಿ ಏದುಸಿರು ಬಿಡಲು, ನೀರು ಕುಡಿಯಲು ಆಗುವ ಅಳತೆಯದ್ದು ನೋಡಿ. ಬಟ್ಟೆಯ, ಬಾಯಿ ಬಿಗಿದು ಕಟ್ಟುವ ಮಝಲ್ ಹಾಕಿ ವಾಕಿಂಗ್ ಕರೆದೊಯ್ಯಬೇಡಿ, ನಾಯಿಗೆ ಸೆಕೆ ಹೊರಗೆ ಹಾಕಲು ಬಾಯಿಯೇ ಮುಖ್ಯ ದಾರಿ.

ಶುರುಮಾಡಿದ ಮೇಲೆ, ಬಿಡಬೇಕಾ ಮುಂದುವರಿಸಬೇಕಾ

ಮೊದಲ ಭೇಟಿ ಮುಗಿದಾಗ ನಿಮ್ಮ ಕೈಯಲ್ಲಿ ಬರೆದ ಯೋಜನೆ ಇರಬೇಕು: ಈ ವಾರ ಏನು ಮಾಡಬೇಕು, ಏನು ಮಾಡಬಾರದು, ಯಾವುದನ್ನು ಗಮನಿಸಿ ಬರೆದಿಡಬೇಕು. ನಾಯಿ ಅವರ ಬಳಿ ಹೋಗಲು ಖುಷಿ ಪಡುತ್ತದಾ ಅಂತ ನೋಡಿ. ಕಾರಿನಿಂದ ಇಳಿಯಲು ಒಪ್ಪದಿದ್ದರೆ ಅದರ ಮಾತನ್ನು ನಂಬಿ.

ಗುಣ ನೇರ ಗೆರೆಯಲ್ಲಿ ಬರುವುದಿಲ್ಲ. ಎರಡು ವಾರ ಚೆನ್ನಾಗಿ ಹೋಗಿ ಮೂರನೇ ವಾರ ಮತ್ತೆ ಬೊಗಳುವುದು ಸಾಮಾನ್ಯ. ಬೊಗಳಿದ ಸಲಗಳನ್ನು ಮಾತ್ರ ಎಣಿಸಬೇಡಿ, ಎಷ್ಟು ದೂರದಿಂದ ಬೊಗಳಿತು, ಬೊಗಳಿದ ಮೇಲೆ ಎಷ್ಟು ಹೊತ್ತಿಗೆ ಸಮಾಧಾನವಾಗಿ ನೆಲ ಮೂಸಲು ಶುರುಮಾಡಿತು ಅಂತ ಬರೆದಿಡಿ. ಆ ಎರಡು ಅಂಕಿ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿದ್ದರೆ ಮುಂದುವರಿಸಿ. ಆರರಿಂದ ಎಂಟು ವಾರ ಹೇಳಿದ್ದನ್ನೆಲ್ಲ ಮಾಡಿಯೂ ಅಲ್ಲಾಡದಿದ್ದರೆ ಅವರಿಗೇ ಹೇಳಿ. ಒಳ್ಳೆಯವರಾದರೆ ಯೋಜನೆ ಬದಲಿಸುತ್ತಾರೆ, ಅಥವಾ ನಿಮ್ಮನ್ನು ಮತ್ತೆ ವೆಟ್ ಹತ್ತಿರ ಕಳಿಸುತ್ತಾರೆ. ತಪ್ಪೆಲ್ಲ ನಿಮ್ಮದೇ, ನೀವು ನಾಯಿಯನ್ನು ಮುದ್ದು ಮಾಡಿ ಹಾಳು ಮಾಡಿದ್ದೀರಿ ಅನ್ನಲು ಶುರುಮಾಡಿದರೆ, ಇಲ್ಲವೇ ಇಷ್ಟು ದಿನ ಬ್ಯಾಗಿನಲ್ಲೇ ಇದ್ದ ಕಾಲರ್ ಒಂದನ್ನು ಹೊರಗೆ ತೆಗೆದರೆ, ಕಟ್ಟಿದ ಫೀಸಿನ ಮುಖ ನೋಡಬೇಡಿ. ನಾಯಿಯನ್ನು ಕರೆದುಕೊಂಡು ಅಲ್ಲಿಂದ ಹೊರಡಿ.